ಸೆಕೆಂಡ್ ಇಯರ್‌ಗೆ ದೊಡ್ಡ ಕಾಲೇಜು

ದೀಪಾವಳಿ ಕಳೆದ ವಾರ ಹಳೇಬೀಡು ಸೀಮೆಯಲ್ಲಿ ಒಂದು ಪ್ರಶ್ನೆ ಓಡಾಡುತ್ತದೆ. ಎಂಜಿನಿಯರಿಂಗೋ ಡಿಗ್ರಿಯೋ ಸೇರಿ ಮೂರು ತಿಂಗಳಾದ ಮಕ್ಕಳು ಹಬ್ಬಕ್ಕೆ ಊರಿಗೆ ಬಂದಿರುತ್ತಾರೆ. ಮೊದಲ ಇಂಟರ್ನಲ್ಸ್ ಮುಗಿದಿರುತ್ತದೆ. ಬೆಂಗಳೂರಿನ ದೊಡ್ಡ ಕಾಲೇಜು ಸೇರಿದ ಗೆಳೆಯನ ಫೋಟೊಗಳನ್ನು ಮೊಬೈಲಿನಲ್ಲಿ ನೋಡಿ ನೋಡಿ, ತಾನು ಸೇರಿದ್ದು ಕಾಲೇಜೇ ಅಲ್ಲ ಅನಿಸಿರುತ್ತದೆ. ಹಬ್ಬದೂಟ ಸೇರುವುದಿಲ್ಲ. ಮಾರನೇ ದಿನ ಅಪ್ಪ ಬಸ್‌ಸ್ಟ್ಯಾಂಡಿನ ಹತ್ತಿರ ಸಿಕ್ಕವರನ್ನು ನಿಲ್ಲಿಸಿ ಕೇಳುತ್ತಾರೆ: "ಸಾ, ಸೆಕೆಂಡ್ ಇಯರ್‌ಗೆ ಆರ್‌ವಿಗೋ ಪಿಇಎಸ್‌ಗೋ ಹಾಕ್ಸ್ಕೋಬೌದಾ? ಐಐಟಿಗೆ ಯಾವ್ದಾರ ದಾರಿ ಐತಾ?"

ಈ "ಹಾಕಿಸಿಕೊಳ್ಳುವುದು" ಮೇಷ್ಟ್ರುಗಳ ವರ್ಗಾವಣೆಯಿಂದ, ಲೈನ್‌ಮನ್‌ಗಳ ವರ್ಗಾವಣೆಯಿಂದ ಕಲಿತ ಮಾತು. ಯಾರದೋ ಕೈಲಿ ಒಂದು ಪತ್ರ ಬರೆಸಿದರೆ ಆಗುತ್ತದೆ ಎಂಬ ನಂಬಿಕೆ ಅದರೊಳಗೇ ಕೂತಿದೆ. ನಮ್ಮ ಜಿಲ್ಲೆಯಲ್ಲಿ ಶಿಫಾರಸು ಪತ್ರಕ್ಕೆ ಎಂದೂ ಬರ ಬಂದಿಲ್ಲವಾದ್ದರಿಂದ ಆ ನಂಬಿಕೆಯನ್ನು ತಪ್ಪು ಎನ್ನಲೂ ಆಗದು. ಆದರೆ ಈ ಒಂದು ವಿಷಯದಲ್ಲಿ ಪತ್ರ ಕೆಲಸ ಮಾಡುವುದಿಲ್ಲ. ಯಾಕೆ ಮಾಡುವುದಿಲ್ಲ, ಹಾಗಾದರೆ ಏನು ಮಾಡುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಏಕೆಂದರೆ ದಾರಿ ಇಲ್ಲ ಎಂದಲ್ಲ. ನಾವು ಹುಡುಕುವ ಕಡೆ ಇಲ್ಲ, ಅಷ್ಟೆ.

ನಮ್ಮ ದೇಶದಲ್ಲಿ ಬೇಡಿಕೆಯ ಸೀಟು ಕಾಲೇಜಿನ ಸ್ವತ್ತಲ್ಲ, ಒಂದು ಪಟ್ಟಿಯ ಸ್ವತ್ತು. ಆ ವರ್ಷ ಪರೀಕ್ಷೆ ಬರೆದವರ ರ‍್ಯಾಂಕ್ ಪಟ್ಟಿ, ಅದರೊಳಗೆ ಮೀಸಲಾತಿಯ ಲೆಕ್ಕ, ಕರ್ನಾಟಕದ ಸಿಇಟಿಯಾದರೆ ಅದರ ಮೇಲೆ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5. ಒಂದೊಂದು ಸೀಟಿಗೂ ಒಂದೊಂದು ಗುರುತು ಬಿದ್ದಿರುತ್ತದೆ. ಹಾಗೆ ತುಂಬಿದ ಸೀಟನ್ನು ಯಾರೋ ಬಿಟ್ಟು ಹೋದರೆ ಮುಂದಿನ ವರ್ಷ ಅದನ್ನು ಯಾವ ಪಟ್ಟಿಯಿಂದ ತುಂಬುವುದು? ಹಳೆಯ ಪಟ್ಟಿಯಲ್ಲಿ ಕಾಯುತ್ತಿದ್ದವರೆಲ್ಲ ಬೇರೆ ಕಡೆ ಸೇರಿ ಹೋಗಿದ್ದಾರೆ. ಮೊದಲ ವರ್ಷದ ಅಂಕ ನೋಡೋಣ ಎಂದರೆ ಹಾಸನದ ಕಾಲೇಜಿನ ಎಂಬತ್ತು ಬೆಂಗಳೂರಿನ ಸ್ವಾಯತ್ತ ಕಾಲೇಜಿನ ಎಂಬತ್ತಕ್ಕೆ ಸಮವೇ? ಪ್ರಶ್ನೆಪತ್ರಿಕೆಯೇ ಬೇರೆ. ಯಾರಾದರೂ ಕೂತು ಒಬ್ಬೊಬ್ಬರ ಕಡತ ಓದಿ ನಿರ್ಧರಿಸಬೇಕು. ಹಾಗೆ ಕೂತು ನಿರ್ಧರಿಸುವವರ ಮೇಲೆಯೇ ನಮಗೆ ನಂಬಿಕೆ ಇಲ್ಲ.

ಆ ಅಪನಂಬಿಕೆಗೆ ಇತಿಹಾಸವಿದೆ, ಬಹುಪಾಲು ಕರ್ನಾಟಕದ್ದೇ. ಖಾಸಗಿ ಮೆಡಿಕಲ್, ಎಂಜಿನಿಯರಿಂಗ್ ಕಾಲೇಜುಗಳು ದೇಶಕ್ಕೆಲ್ಲ ಮೊದಲು ಹಬ್ಬಿದ ರಾಜ್ಯಗಳಲ್ಲಿ ನಮ್ಮದೂ ಒಂದು. ಕ್ಯಾಪಿಟೇಶನ್ ಹಾವಳಿ ತಡೆಯಲು 1984ರಲ್ಲಿ ಕಾಯ್ದೆಯನ್ನೇ ತರಬೇಕಾಯಿತು. ಮೀರತ್ತಿನ ವಿದ್ಯಾರ್ಥಿನಿಯೊಬ್ಬರಿಗೆ ತುಮಕೂರಿನ ಖಾಸಗಿ ವೈದ್ಯಕೀಯ ಕಾಲೇಜು ವರ್ಷಕ್ಕೆ 60,000 ರೂಪಾಯಿ ಕೇಳಿತು. ಆಗ ಸರ್ಕಾರಿ ಕೋಟಾದ ಶುಲ್ಕ 2,000. ಆ ಜಗಳವೇ ಸುಪ್ರೀಂ ಕೋರ್ಟಿಗೆ ಹೋಗಿ 1992ರ ಮೋಹಿನಿ ಜೈನ್ ತೀರ್ಪಾಯಿತು. ಇಂಥ ಹಿನ್ನೆಲೆಯಲ್ಲಿ, ನಡುವೆ ಕಾಲೇಜು ಬದಲಿಸಲು ಅವಕಾಶ ಕೊಟ್ಟರೆ ಏನಾಗುತ್ತದೆ ಎಂದು ಊಹಿಸಲು ಬಹಳ ಬುದ್ಧಿ ಬೇಡ. ದುಡ್ಡು ಕೊಟ್ಟು ಎಲ್ಲೋ ಒಂದು ಕಡೆ ಒಳಗೆ ನುಗ್ಗುವುದು, ವರ್ಷ ಕಳೆದ ಮೇಲೆ ಸರ್ಕಾರಿ ಕಾಲೇಜಿಗೆ ಮೆಲ್ಲಗೆ ಜಾರಿಕೊಳ್ಳುವುದು.

ವೈದ್ಯಕೀಯದಲ್ಲಿ ಈ ಭಯ ಹಂತಹಂತವಾಗಿ ನಿಯಮವಾಯಿತು. ಹಿಂದೆ ಮೊದಲ ವೃತ್ತಿಪರ ಪರೀಕ್ಷೆ ಪಾಸಾದ ಮೇಲೆ, ಗಟ್ಟಿ ಕಾರಣವಿದ್ದರೆ, ಮಂಜೂರಾದ ಸೀಟುಗಳ ಶೇ. 5ರ ಮಿತಿಯೊಳಗೆ ವರ್ಗಾವಣೆಗೆ ಅವಕಾಶವಿತ್ತು. 2023ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಹೊಸ ನಿಯಮಾವಳಿ ಆ ಕಿಂಡಿಯನ್ನೂ ಮುಚ್ಚಿತು. ಒಂದು ಕಾಲೇಜಿಗೆ ಸೇರಿದ ಎಂಬಿಬಿಎಸ್ ವಿದ್ಯಾರ್ಥಿ ಇನ್ನೊಂದಕ್ಕೆ ಹೋಗುವಂತಿಲ್ಲ ಎಂದಿತು. ಕಾಯಿಲೆ, ಅಂಗವೈಕಲ್ಯ, ಮನೆಯ ಕಷ್ಟ ಯಾವುದನ್ನೂ ಕೇಳದ ಇಂಥ ಸಾರಾಸಗಟು ನಿಷೇಧ ಸರಿಯೇ ಎಂಬ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದೆ. ಹಾಸನದ ವೈದ್ಯಕೀಯ ಕಾಲೇಜಿನ ಹುಡುಗಿ "ಮೈಸೂರಿಗೆ ಹೋಗ್ತೀನಿ" ಎಂದರೆ ಆ ನಿಯಮದ ಪ್ರಕಾರ ಹೇಳಬೇಕಾದ್ದು: ಹೋಗಬಹುದು, ನೋಡಿಕೊಂಡು ಬರಲಿಕ್ಕೆ.

ಐಐಟಿಗಳ ಕಥೆ ಇನ್ನೂ ಕಟ್ಟುನಿಟ್ಟು. ಬೇರೆ ಕಾಲೇಜಿನಿಂದ ಎರಡನೇ ವರ್ಷಕ್ಕೆ ಬಿಟೆಕ್ ಪ್ರವೇಶವಿಲ್ಲ. ಒಂದು ಐಐಟಿಯಿಂದ ಇನ್ನೊಂದಕ್ಕೂ ಇಲ್ಲ. ಒಳಗೆ ಸೇರಿದವರು ಮೊದಲ ವರ್ಷದ ಅಂಕದ ಮೇಲೆ ಬ್ರ್ಯಾಂಚ್ ಬದಲಿಸುವ ಪದ್ಧತಿ ಇತ್ತು. ಮಕ್ಕಳು ಮೊದಲ ವರ್ಷವನ್ನೂ ಕೋಚಿಂಗ್ ಕ್ಲಾಸಿನಂತೆಯೇ ಕಳೆಯುತ್ತಾರೆ ಎಂದು ಕೆಲವು ಐಐಟಿಗಳು ಇತ್ತೀಚೆಗೆ ಅದನ್ನೂ ನಿಲ್ಲಿಸಿವೆ. ಹೊರಗಿನವರಿಗೆ ಉಳಿದದ್ದು ಮತ್ತೊಮ್ಮೆ ಜೆಇಇ ಅಡ್ವಾನ್ಸ್‌ಡ್ ಬರೆಯುವುದು. ಅದಕ್ಕೂ ಎರಡೇ ಅವಕಾಶ, ಅದೂ ಸತತ ಎರಡು ವರ್ಷಗಳಲ್ಲಿ. ಐಐಟಿಯಲ್ಲಿ ಒಮ್ಮೆ ಸೀಟು ಒಪ್ಪಿಕೊಂಡವರು ಮತ್ತೆ ಬರೆಯುವ ಹಾಗೇ ಇಲ್ಲ.

2024ರ ನವೆಂಬರಿನಲ್ಲಿ ನಡೆದದ್ದನ್ನು ಈ ಪ್ರಶ್ನೆ ಕೇಳುವ ಪ್ರತಿ ಮನೆಯವರೂ ತಿಳಿದಿರಬೇಕು. ಆ ತಿಂಗಳ 5ರಂದು ಪ್ರವೇಶ ಮಂಡಳಿ, ಇನ್ನು ಮುಂದೆ ಮೂರು ಅವಕಾಶ, 2023ರಲ್ಲಿ ಹನ್ನೆರಡನೇ ತರಗತಿ ಪಾಸಾದವರೂ ಬರೆಯಬಹುದು ಎಂದು ಪ್ರಕಟಿಸಿತು. ಎಲ್ಲೆಲ್ಲೋ ಎಂಜಿನಿಯರಿಂಗ್ ಓದುತ್ತಿದ್ದ ಕೆಲವು ಮಕ್ಕಳು ಅದನ್ನು ನಂಬಿ ಕಾಲೇಜು ಬಿಟ್ಟರು. ಹದಿಮೂರು ದಿನ ಕಳೆದು, 18ರಂದು, ಮಂಡಳಿ ಪ್ರಕಟಣೆ ಹಿಂದಕ್ಕೆ ಪಡೆಯಿತು. ಎರಡೇ ಅವಕಾಶ ಎಂದಿತು. ಕಾಲೇಜೂ ಇಲ್ಲ, ಪರೀಕ್ಷೆಯೂ ಇಲ್ಲ ಎಂಬ ಸ್ಥಿತಿಗೆ ಬಿದ್ದ ಮಕ್ಕಳು ಸುಪ್ರೀಂ ಕೋರ್ಟಿಗೆ ಹೋದರು. 2025ರ ಜನವರಿ 10ರಂದು ನ್ಯಾಯಾಲಯ, ನವೆಂಬರ್ 5ರಿಂದ 18ರ ನಡುವೆ ಕೋರ್ಸ್ ಬಿಟ್ಟವರಿಗೆ ಮಾತ್ರ ಪರೀಕ್ಷೆಗೆ ನೋಂದಾಯಿಸಲು ಅವಕಾಶ ಕೊಟ್ಟಿತು. 4ನೇ ತಾರೀಕು ಬಿಟ್ಟವರ ಪಾಡು ಅವರದ್ದೇ. ಇಷ್ಟು ಸೂಕ್ಷ್ಮವಾದ ತಕ್ಕಡಿಯ ಮೇಲೆ ಮಕ್ಕಳ ಒಂದು ವರ್ಷವನ್ನು ಇಡುವ ಮುನ್ನ ಹತ್ತು ಸಲ ಯೋಚಿಸಬೇಕು. ಪಟ್ಟು ಹಿಡಿದು ಎರಡನೇ ಬಾರಿ ಬರೆಯುವುದಾದರೆ, ಸೇರಿದ ಕಾಲೇಜು ಬಿಡದೆ ಬರೆಯುವುದು ಮೇಲು ಎಂದು ನನ್ನ ಲೆಕ್ಕ. ಎರಡೂ ಕಡೆ ಅರ್ಧರ್ಧ ಆಗುತ್ತದೆ ಎಂದು ಕೋಚಿಂಗಿನವರು ಹೆದರಿಸುತ್ತಾರೆ. ಹೆದರಿಸುವುದು ಅವರ ವ್ಯಾಪಾರ.

ಇನ್ನು ವಿಟಿಯು. ಇಲ್ಲಿ ಕಾಲೇಜು ಬದಲಾವಣೆ ಎಂಬುದು ನಿಯಮದಲ್ಲೇ ಇದೆ. ಎರಡನೇ ವರ್ಷದ ಆರಂಭದಲ್ಲಿ, ಹೋಗಬೇಕೆಂದಿರುವ ಕಾಲೇಜಿನ ಅದೇ ಬ್ರ್ಯಾಂಚಿನಲ್ಲಿ ಸೀಟು ಖಾಲಿ ಇದ್ದರೆ, ಬಿಡುವ ಕಾಲೇಜು ಮತ್ತು ಸೇರುವ ಕಾಲೇಜು ಎರಡೂ ನಿರಾಕ್ಷೇಪಣಾ ಪತ್ರ ಕೊಟ್ಟರೆ, ವಿಶ್ವವಿದ್ಯಾಲಯ ಒಪ್ಪಿದರೆ ಆಗುತ್ತದೆ. ಕಾಗದದ ಮೇಲೆ ಸಲೀಸು. ತೊಡಕಿರುವುದು "ಸೀಟು ಖಾಲಿ ಇದ್ದರೆ" ಎಂಬಲ್ಲಿ. ಎಲ್ಲರೂ ಹೋಗಬೇಕೆನ್ನುವ ಕಾಲೇಜಿನ ಎಲ್ಲರೂ ಬೇಕೆನ್ನುವ ಬ್ರ್ಯಾಂಚಿನಲ್ಲಿ ಖಾಲಿ ಸೀಟು ಇರುವುದಿಲ್ಲ. ಇದ್ದರೂ ಅದು ಸ್ವಾಯತ್ತ ಕಾಲೇಜಾಗಿದ್ದು ನಿಮ್ಮದು ಅಲ್ಲದಿದ್ದರೆ ಸಿಲಬಸ್ ಹೊಂದಿಸಬೇಕು, ಓದದ ವಿಷಯಗಳನ್ನು ಸೇರಿಸಿ ಪಾಸು ಮಾಡಬೇಕು. ಆದ್ದರಿಂದ ಈ ಬದಲಾವಣೆ ಕೆಲಸಕ್ಕೆ ಬರುವುದು ಊರಿಗೆ ಹತ್ತಿರ ಬರಬೇಕಾದವರಿಗೆ. ತಂದೆ ತೀರಿಕೊಂಡು ತೋಟ ನೋಡಿಕೊಳ್ಳಬೇಕಾಗಿ ಬಂದ ಬೇಲೂರಿನ ಹುಡುಗ ಬೆಂಗಳೂರು ಬಿಟ್ಟು ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜಿಗೋ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿಗೋ ಬರುವುದಕ್ಕೆ ಇದು ಒಳ್ಳೆಯ ನಿಯಮ. ಮೇಲೆ ಹತ್ತಲು ಹೊರಟವರಿಗೆ ಬಹಳ ಸಲ ಬರೀ ಅಲೆದಾಟ.

ಹಾಗಾದರೆ ಎರಡನೇ ವರ್ಷಕ್ಕೆ ದೊಡ್ಡ ಕಾಲೇಜಿನೊಳಗೆ ಹೋಗುವ, ಸರ್ಕಾರವೇ ಪರೀಕ್ಷೆ ನಡೆಸಿ ರ‍್ಯಾಂಕ್ ಕೊಟ್ಟು ಒಳಗೆ ಕಳಿಸುವ ದಾರಿಯೇ ಇಲ್ಲವೇ? ಇದೆ. ಎಷ್ಟೋ ವರ್ಷಗಳಿಂದ ಇದೆ. ನಾವು ಅದರ ಕಡೆ ಕತ್ತೆತ್ತಿ ನೋಡುವುದಿಲ್ಲ, ಏಕೆಂದರೆ ಅದು ಪಾಲಿಟೆಕ್ನಿಕ್ಕಿನ ಬಾಗಿಲು.

ಎಸ್ಸೆಸ್ಸೆಲ್ಸಿ ಮುಗಿಸಿ ಮೂರು ವರ್ಷ ಡಿಪ್ಲೊಮಾ ಓದಿದವರು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಡಿಸಿಇಟಿ ಬರೆದು ನೇರವಾಗಿ ಬಿಇ ಎರಡನೇ ವರ್ಷಕ್ಕೆ ಸೇರಬಹುದು. ಎಐಸಿಟಿಇ ನಿಯಮದಂತೆ ಮಂಜೂರಾದ ಸೀಟುಗಳ ಶೇ. 10ರಷ್ಟು ಹೆಚ್ಚುವರಿ ಸೀಟು ಇವರಿಗಾಗಿಯೇ ಇರುತ್ತದೆ. ಅದರ ಮೇಲೆ ಮೊದಲ ವರ್ಷದಲ್ಲಿ ತುಂಬದೆ ಉಳಿದವೂ ಸೇರುತ್ತವೆ. ಅರವತ್ತು ಸೀಟಿನ ಒಂದು ವಿಭಾಗಕ್ಕೆ ಆರು. ಕಡಿಮೆ ಎನಿಸಬಹುದು. ಆದರೆ ಈ ಆರು ಸೀಟು ಯಾರೋ ಬಿಟ್ಟುಹೋದರೆ ಸಿಗುವಂಥದ್ದಲ್ಲ. ಖಾಲಿ ಸೀಟೇ ಇಲ್ಲದ ಬೆಂಗಳೂರಿನ ಕಾಲೇಜಿನಲ್ಲೂ ಪ್ರತಿ ವರ್ಷ ಹುಟ್ಟುವಂಥದ್ದು. ವರ್ಗಾವಣೆ ಕೇಳುವವನು ಖಾಲಿ ಜಾಗಕ್ಕಾಗಿ ಕಾಯಬೇಕು. ಡಿಪ್ಲೊಮಾದವನಿಗೆ ಜಾಗ ಮೊದಲೇ ಹಾಕಿಟ್ಟಿರುತ್ತದೆ.

ಲೆಕ್ಕವನ್ನೂ ನೋಡಿ. ಪಿಯುಸಿ ಎರಡು ವರ್ಷ, ಬಿಇ ನಾಲ್ಕು, ಒಟ್ಟು ಆರು. ಡಿಪ್ಲೊಮಾ ಮೂರು, ಬಿಇ ಮೂರು, ಒಟ್ಟು ಆರು. ಒಂದು ದಿನವೂ ನಷ್ಟವಿಲ್ಲ. ಪಿಯುಸಿ ಸೈನ್ಸಿಗೆ ಮಂಗಳೂರು ಕಡೆಯ ಹಾಸ್ಟೆಲ್ ಕಾಲೇಜುಗಳಿಗೆ ಲಕ್ಷಗಟ್ಟಲೆ ಸುರಿಯುವ ಹೊತ್ತಿನಲ್ಲಿ, ಹಾಸನದ ಎಲ್.ವಿ. ಸರ್ಕಾರಿ ಪಾಲಿಟೆಕ್ನಿಕ್ಕಿಗೆ ಹಳೇಬೀಡಿನಿಂದ ಸುಮಾರು ಮೂವತ್ತು ಕಿಲೋಮೀಟರ್, ಬೆಳಗಿನ ಬಸ್ಸಿನ ದಾರಿ. ಮೂರು ವರ್ಷದ ಕೊನೆಗೆ ಕೈಯಲ್ಲಿ ಕೆಲಸಕ್ಕೆ ಆಗುವ ಒಂದು ಸರ್ಟಿಫಿಕೇಟೂ ಇರುತ್ತದೆ. ಅರಸೀಕೆರೆಯಲ್ಲಿ ಕೊಬ್ಬರಿ ಬೆಲೆ ಬಿದ್ದ ವರ್ಷ ಮನೆಯವರು "ಸಾಕು, ಕೆಲಸಕ್ಕೆ ಸೇರ್ಕೊ" ಎಂದರೂ ಹುಡುಗ ಬೀದಿಗೆ ಬೀಳುವುದಿಲ್ಲ. ಪಿಯುಸಿ ಓದಿದವನ ಕೈಲಿ ಅಂಥದ್ದೇನೂ ಇರುವುದಿಲ್ಲ.

ಇಷ್ಟಾದರೂ ನಮ್ಮೂರುಗಳಲ್ಲಿ ಡಿಪ್ಲೊಮಾ ಎಂದರೆ ಮಾರ್ಕ್ಸ್ ಕಮ್ಮಿ ಬಂದವರ ಪಾಡು. ಶೇ. 90 ತೆಗೆದ ಹುಡುಗಿ ಪಾಲಿಟೆಕ್ನಿಕ್ ಸೇರುತ್ತೇನೆ ಎಂದರೆ ಮನೆಗೆ ಬಂದವರೆಲ್ಲ ಮರುಗುತ್ತಾರೆ. ಮಾರ್ಕ್ಸ್ ತೆಗೆದವರು ಆ ಕಡೆ ಹೋಗದಿರುವುದರಿಂದಲೇ ಅಲ್ಲಿ ಗಂಭೀರವಾಗಿ ಓದುವವರಿಗೆ ಪೈಪೋಟಿ ಕಡಿಮೆ ಎಂಬುದು ಯಾರಿಗೂ ಹೊಳೆಯುವುದಿಲ್ಲ. ಸಿಇಟಿಯಲ್ಲಿ ಲಕ್ಷಾಂತರ ಜನರ ಮಧ್ಯೆ ಸಿಗದ ಕಾಲೇಜು ಡಿಸಿಇಟಿಯಲ್ಲಿ ಕೈಗೆ ಎಟುಕುವುದು ಸಾಧ್ಯ. 1917ರಲ್ಲಿ ಶುರುವಾಗಿ, 2021ರ ಕಾಯ್ದೆಯಿಂದ ಈಗ ಸ್ವತಃ ಒಂದು ವಿಶ್ವವಿದ್ಯಾಲಯವಾಗಿರುವ ಬೆಂಗಳೂರಿನ ಯುವಿಸಿಇಗೂ ಈ ದಾರಿಯಲ್ಲಿ ಹೋದವರಿದ್ದಾರೆ.

ಹೂವಿನ ಹಾಸಿಗೆ ಎಂದು ಮಾತ್ರ ಹೇಳಲಾರೆ. ಡಿಪ್ಲೊಮಾದಲ್ಲಿ ಗಣಿತ ತೆಳು. ಪಿಯುಸಿಯಲ್ಲಿ ಎರಡು ವರ್ಷ ಕ್ಯಾಲ್ಕುಲಸ್ ಉಜ್ಜಿ ಬಂದವರ ಪಕ್ಕ ಕೂತು, ಅವರು ಮೊದಲ ವರ್ಷದಲ್ಲಿ ಮುಗಿಸಿದ ಗಣಿತವನ್ನು ನೀವು ಹೊಸ ವಿಷಯಗಳ ಜೊತೆಗೇ ಕಲಿಯಬೇಕು. ಇದಕ್ಕಾಗಿಯೇ ವಿಟಿಯು ಸ್ಕೀಮುಗಳಲ್ಲಿ ಡಿಪ್ಲೊಮಾದಿಂದ ಬಂದವರಿಗೆ ಮೂರನೇ ಮತ್ತು ನಾಲ್ಕನೇ ಸೆಮಿಸ್ಟರಿಗೆ ಹೆಚ್ಚುವರಿ ಗಣಿತದ ಎರಡು ಪತ್ರಿಕೆ ಇಟ್ಟಿದ್ದರು. ಮ್ಯಾಟ್‌ಡಿಪ್ ಎಂಬ ಸಂಕೇತದ ಆ ಪತ್ರಿಕೆಗಳಿಗೆ ಕ್ರೆಡಿಟ್ ಇಲ್ಲ, ಪಾಸಾಗದೆ ಡಿಗ್ರಿಯೂ ಇಲ್ಲ. ಪಾಲಿಟೆಕ್ನಿಕ್ಕಿನಲ್ಲಿ ಟಾಪರ್ ಆಗಿದ್ದವರೂ ಬೆವರಿದ್ದು ಇಲ್ಲಿಯೇ. ಇನ್ನೊಂದು ಸಣ್ಣ ಮುಳ್ಳು: ಹೀಗೆ ಬಂದವರ ಯುಎಸ್‌ಎನ್ ನಂಬರಿನ ಕೊನೆ ನಾನೂರರಿಂದ ಶುರುವಾಗುತ್ತದೆ. ಹಾಜರಿ ಕೂಗುವಾಗ ಕ್ಲಾಸಿಗೆಲ್ಲ ಗೊತ್ತಾಗುತ್ತದೆ, ಇವನು ಡಿಪ್ಲೊಮಾ. ಮೊದಲ ಸೆಮಿಸ್ಟರಿನಲ್ಲಿ ಅದು ಚುಚ್ಚುತ್ತದೆ. ಲ್ಯಾಬಿಗೆ ಹೋದಾಗ ಲೇತ್ ಮೆಷೀನ್ ಮುಂದೆ ಅಂಜದೆ ನಿಲ್ಲುವವನು ಆ ನಾನೂರನೇ ನಂಬರಿನವನೇ ಎಂಬುದು ಎರಡನೇ ಸೆಮಿಸ್ಟರಿನ ಹೊತ್ತಿಗೆ ಕ್ಲಾಸಿಗೂ ತಿಳಿದಿರುತ್ತದೆ. ಡಿಪ್ಲೊಮಾ ಸೇರುವ ಮಗುವಿಗೆ ಮೂರು ವರ್ಷವೂ ಪಕ್ಕದಲ್ಲಿ ಪಿಯುಸಿಯ ಗಣಿತ ಪುಸ್ತಕ ಇರಲಿ ಎಂದು ಹೇಳುವುದನ್ನು ನಾನು ಮರೆಯುವುದಿಲ್ಲ.

ಪಿಯುಸಿ ಮಾಡಿ ಎಲ್ಲೋ ಸೇರಿ ಆಗಿಹೋದವರಿಗೆ ಈ ದಾರಿ ಮುಗಿದಿದೆ. ಅವರ ಬಾಗಿಲು ಡಿಗ್ರಿಯ ಮಧ್ಯದಲ್ಲಿಲ್ಲ, ತುದಿಯಲ್ಲಿದೆ. ನಮ್ಮ ವ್ಯವಸ್ಥೆಯ ಗುಣವೇ ಅದು: ಗೆಣ್ಣಿನಲ್ಲಿ ಮಾತ್ರ ಚಿಗುರುತ್ತದೆ. ಎಂಜಿನಿಯರಿಂಗ್‌ನವರಿಗೆ ಗೇಟ್, ವಿಜ್ಞಾನ ಪದವಿಯವರಿಗೆ ಜಾಮ್, ಕಾನೂನು ಓದಬೇಕೆನ್ನುವ ಪದವೀಧರರಿಗೆ ಎನ್‌ಎಲ್‌ಎಸ್‌ಎಟಿ ಎಂಬ ಪ್ರವೇಶ ಪರೀಕ್ಷೆಗಳಿವೆ. ಕೊನೆಯದ್ದು ನಮ್ಮವರಿಗೆ ಅಷ್ಟಾಗಿ ಗೊತ್ತಿಲ್ಲ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ ಎಂದರೆ ಪಿಯುಸಿ ಮುಗಿಸಿ ಕ್ಲಾಟ್ ಬರೆಯುವವರಿಗೆ ಮಾತ್ರ ಎಂದುಕೊಂಡಿದ್ದೇವೆ. 2022ರಿಂದ ಅಲ್ಲಿ ಪದವೀಧರರಿಗೆ ಮೂರು ವರ್ಷದ ಎಲ್‌ಎಲ್‌ಬಿ ಇದೆ. ಯಾವ ಕಾಲೇಜಿನ ಬಿಎ ಆದರೂ ಸರಿ.

ಜಾಮ್ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು, ಏಕೆಂದರೆ ನಮ್ಮ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಬಿಎಸ್ಸಿ ಮಕ್ಕಳಿಗೆ ಅದರ ಹೆಸರೇ ಕಿವಿಗೆ ಬಿದ್ದಿರುವುದಿಲ್ಲ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಗಣಿತೀಯ ಸಂಖ್ಯಾಶಾಸ್ತ್ರ, ಭೂವಿಜ್ಞಾನ, ಜೈವಿಕ ತಂತ್ರಜ್ಞಾನ, ಅರ್ಥಶಾಸ್ತ್ರ, ಹೀಗೆ ಏಳು ಪತ್ರಿಕೆ. ಐಐಟಿಗಳ ಸುಮಾರು 3,000 ಎಂಎಸ್ಸಿ ಸೀಟುಗಳು ಇದರಿಂದಲೇ ತುಂಬುತ್ತವೆ. ಭಾರತೀಯ ವಿಜ್ಞಾನ ಸಂಸ್ಥೆಯ ಇಂಟಿಗ್ರೇಟೆಡ್ ಪಿಎಚ್‌ಡಿಗೂ ಇದು ದಾರಿ. ಮೂರು ವರ್ಷದ ಡಿಗ್ರಿ ಸಾಕು. ಕರ್ನಾಟಕ 2021ರಲ್ಲಿ ಹೊಸ ಶಿಕ್ಷಣ ನೀತಿಗೆ ಎಲ್ಲರಿಗಿಂತ ಮೊದಲು ಹಾರಿ, 2024-25ರಲ್ಲಿ ಮೂರು ವರ್ಷದ ಪದವಿಗೇ ವಾಪಸು ಬಂದ ಗದ್ದಲದಲ್ಲೂ ಈ ಅರ್ಹತೆಗೆ ತೊಂದರೆ ಆಗಲಿಲ್ಲ. ಜೆಇಇಯಲ್ಲಿ ಕೋಚಿಂಗ್ ಸಿಗದೆ ಹಿಂದೆ ಬಿದ್ದ ಹುಡುಗಿ ಮೂರು ವರ್ಷ ಒಂದೇ ವಿಷಯವನ್ನು ಪ್ರೀತಿಯಿಂದ ಓದಿದರೆ ಇಲ್ಲಿ ಮುಂದೆ ಬರಬಹುದು. ಹೋಗುವ ಜಾಗ ಅದೇ ಐಐಟಿ.

ಹೀಗೆ ಗೆಣ್ಣಿನಲ್ಲಿ ಚಿಗುರಿದವರ ಪಟ್ಟಿ ಕನ್ನಡನಾಡಿನಲ್ಲಿ ಚಿಕ್ಕದೇನಲ್ಲ. ಎನ್.ಆರ್. ನಾರಾಯಣ ಮೂರ್ತಿ ಐಐಟಿ ಪ್ರವೇಶ ಪರೀಕ್ಷೆ ಪಾಸಾಗಿದ್ದರೂ ಮೇಷ್ಟ್ರಾಗಿದ್ದ ತಂದೆಗೆ ಖರ್ಚು ಭರಿಸಲಾಗದೆ ಮೈಸೂರಿನ ಎನ್‌ಐಇಯಲ್ಲಿ ಬಿಇ ಮಾಡಿದರು. 1967ರಲ್ಲಿ ಅದು ಮುಗಿಯಿತು. 1969ರಲ್ಲಿ ಎಂಟೆಕ್ ಮುಗಿಸಿದ್ದು ಕಾನ್ಪುರ ಐಐಟಿಯಲ್ಲಿ. ಸುಧಾ ಮೂರ್ತಿ ಹುಬ್ಬಳ್ಳಿಯ ಬಿವಿಬಿ ಕಾಲೇಜಿನಿಂದ ಭಾರತೀಯ ವಿಜ್ಞಾನ ಸಂಸ್ಥೆಗೆ ಹೋದರು. ವೈಮಾಂತರಿಕ್ಷ ವಿಜ್ಞಾನಿ ರೊದ್ದಂ ನರಸಿಂಹ ಯುವಿಸಿಇಯಿಂದ ವಿಜ್ಞಾನ ಸಂಸ್ಥೆಗೆ, ಅಲ್ಲಿಂದ ಕ್ಯಾಲ್‌ಟೆಕ್‌ಗೆ. ಇನ್ನೂ ಹಿಂದಕ್ಕೆ ಹೋದರೆ ವಿಶ್ವೇಶ್ವರಯ್ಯನವರೇ ಇದ್ದಾರೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ 1881ರ ಸುಮಾರಿಗೆ ಬಿಎ, ಆಮೇಲೆ ಮೈಸೂರು ಸರ್ಕಾರದ ನೆರವಿನಿಂದ ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಎಂಜಿನಿಯರಿಂಗ್. ಸಂಸ್ಥಾನದಲ್ಲಿ ಎಂಜಿನಿಯರಿಂಗ್ ಕಾಲೇಜೇ ಇಲ್ಲದ್ದಕ್ಕೆ ಪುಣೆಗೆ ಹೋಗಬೇಕಾಗಿ ಬಂದ ಹುಡುಗ ದಿವಾನರಾದ ಮೇಲೆ ತೆರೆಸಿದ್ದೇ ಈಗಿನ ಯುವಿಸಿಇ.

ಗೇಟ್‌ನಲ್ಲಿ ದುಡ್ಡಿನ ಅನುಕೂಲವೂ ಇದೆ, ಅಪ್ಪಂದಿರಿಗೆ ಇದನ್ನು ಮೊದಲು ಹೇಳಬೇಕು. ಗೇಟ್ ಅರ್ಹತೆಯ ಮೇಲೆ ಐಐಟಿಯಲ್ಲೋ ಎನ್‌ಐಟಿಯಲ್ಲೋ ಎಂಟೆಕ್ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ಶಿಷ್ಯವೇತನ. ಬಿಇ ಮೂರನೇ ವರ್ಷದಲ್ಲಿರುವಾಗಲೇ ಬರೆಯಬಹುದು. ಎರಡನೇ ವರ್ಷಕ್ಕೆ ಬೇರೆ ಕಾಲೇಜಿನ ಹಿಂದೆ ಓಡಾಡಿ ಹಾಳು ಮಾಡುವ ಆರು ತಿಂಗಳನ್ನು ಎಂಜಿನಿಯರಿಂಗ್ ಗಣಿತ ಮತ್ತು ಮೂಲ ವಿಷಯಗಳ ಮೇಲೆ ಹಾಕಿದರೆ ಗೇಟ್ ಹತ್ತಿರವಾಗುತ್ತದೆ.

ಪಕ್ಕದ ಕಿಟಕಿಗಳೂ ಕೆಲವಿವೆ. ಮದ್ರಾಸ್ ಐಐಟಿ 2020ರಲ್ಲಿ ಶುರು ಮಾಡಿದ ಡೇಟಾ ಸೈನ್ಸಿನ ಆನ್‌ಲೈನ್ ಕೋರ್ಸಿಗೆ ಜೆಇಇ ಬೇಡ. ನಾಲ್ಕು ವಾರ ಪಾಠ ಕೇಳಿ ಅರ್ಹತಾ ಪರೀಕ್ಷೆ ಪಾಸಾದರೆ ಸೇರಬಹುದು. ಪಾಠ ಮನೆಯಲ್ಲಿ, ಪರೀಕ್ಷೆ ಮಾತ್ರ ಕೇಂದ್ರಕ್ಕೆ ಹೋಗಿ. ಎರಡು ಪದವಿಗಳನ್ನು ಒಟ್ಟಿಗೇ ಓದಲು ಯುಜಿಸಿ 2022ರಲ್ಲಿ ಒಪ್ಪಿಗೆ ಕೊಟ್ಟಿರುವುದರಿಂದ ಹಾಸನದಲ್ಲಿ ಬಿಎಸ್ಸಿ ಓದುತ್ತಲೇ ಇದನ್ನೂ ಮಾಡಬಹುದು. ಕ್ಯಾಂಪಸ್ಸಿನ ಬಿಟೆಕ್ ಇದಲ್ಲ. ಹಾಗೆಂದು ಯಾರಾದರೂ ಮಾರಲು ಬಂದರೆ ನಂಬಬೇಡಿ. ಓದುವ ಹಸಿವು ಇರುವವರಿಗೆ ಮಾತ್ರ ಒಳ್ಳೆಯ ಊಟ. ಅಂಕಗಳ ಬ್ಯಾಂಕ್ ಎಂದು 2021ರಲ್ಲಿ ಬಂದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಬಗ್ಗೆಯೂ ಕೇಳುತ್ತಾರೆ. ಗಳಿಸಿದ ಕ್ರೆಡಿಟ್ ಏಳು ವರ್ಷದವರೆಗೆ ಉಳಿಯುತ್ತದೆ, ಬೇರೆ ಸಂಸ್ಥೆಗೆ ಒಯ್ಯಬಹುದು, ಡಿಗ್ರಿ ಕೊಡುವ ಸಂಸ್ಥೆಯಲ್ಲಿ ಕನಿಷ್ಠ ಅರ್ಧದಷ್ಟು ಗಳಿಸಿರಬೇಕು. ವಿಚಾರ ಚೆನ್ನಾಗಿದೆ. ಆದರೆ ಬ್ಯಾಂಕಿನಲ್ಲಿ ದುಡ್ಡಿದ್ದ ಮಾತ್ರಕ್ಕೆ ಯಾರೂ ಸೈಟು ಕೊಡುವುದಿಲ್ಲ. ಸೀಟು ಕೊಡಬೇಕೋ ಬೇಡವೋ ಎಂಬುದು ಇನ್ನೂ ಆಯಾ ಸಂಸ್ಥೆಯ ಕೈಯಲ್ಲಿದೆ.

ಇಷ್ಟು ಹೇಳುವಾಗ ಯಾರಾದರೊಬ್ಬರು ಅಡ್ಡ ಬರುತ್ತಾರೆ: "ಅಮೆರಿಕದಲ್ಲಿ ನಮ್ಮ ಭಾವನ ಮಗ ಅಲ್ಲಿಂದಿಲ್ಲಿಗೆ ಆರಾಮಾಗಿ ಹೋದ." ಹೋಗಿರಬಹುದು. ಅಲ್ಲಿ ವರ್ಗಾವಣೆ ಪ್ರವೇಶ ಎಂಬುದಕ್ಕೆ ಪ್ರತ್ಯೇಕ ಅರ್ಜಿ, ಪ್ರತ್ಯೇಕ ಗಡುವು ಇದೆ. ಒಬಾಮ ಲಾಸ್ ಏಂಜಲಿಸ್‌ನ ಆಕ್ಸಿಡೆಂಟಲ್ ಕಾಲೇಜಿನಲ್ಲಿ ಎರಡು ವರ್ಷ ಓದಿ 1981ರಲ್ಲಿ ಕೊಲಂಬಿಯಾಗೆ ಹೋದವರು. ಕ್ಯಾಲಿಫೋರ್ನಿಯಾ 1960ರಷ್ಟು ಹಿಂದೆಯೇ ಒಂದು ಮಹಾಯೋಜನೆ ಮಾಡಿ, ಅಗ್ಗದ ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷ ಓದಿದವರು ರಾಜ್ಯದ ವಿಶ್ವವಿದ್ಯಾಲಯಕ್ಕೆ ಸೇರುವ ದಾರಿಯನ್ನು ಗಟ್ಟಿ ಮಾಡಿತು. ಅಲ್ಲಿನ ಕನ್ನಡ ಕುಟುಂಬಗಳಿಗೆ ಇದು ಚಿರಪರಿಚಿತ. ಕೂಪರ್ಟಿನೊದ ಡಿ ಆಂಜಾ ಕಾಲೇಜಿಗೆ ಮನೆಯಿಂದಲೇ ಓಡಾಡಿ, ಎರಡು ವರ್ಷದ ಫೀಸು ಉಳಿಸಿ, ಮೂರನೇ ವರ್ಷಕ್ಕೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಯಾವುದೋ ಕ್ಯಾಂಪಸ್ಸಿಗೆ ಹೋಗುವುದು. ಆರು ಕ್ಯಾಂಪಸ್ಸುಗಳು ನಿಗದಿತ ಅಂಕ ತೆಗೆದವರಿಗೆ ಸೀಟಿನ ಖಾತರಿಯನ್ನೇ ಕೊಡುತ್ತವೆ. ಎಲ್ಲರೂ ಬಯಸುವ ಬರ್ಕ್ಲಿ, ಲಾಸ್ ಏಂಜಲಿಸ್, ಸ್ಯಾನ್ ಡಿಯೇಗೊ ಆ ಖಾತರಿಯಲ್ಲಿ ಇಲ್ಲ, ಅದನ್ನೂ ಗಮನಿಸಬೇಕು.

ಇನ್ನೂ ಮೇಲಿನವುಗಳಲ್ಲಿ ಬಾಗಿಲು ಕೂದಲೆಳೆ ಸಂದು. ಪ್ರಿನ್ಸ್‌ಟನ್ 1990ರಲ್ಲಿ ವರ್ಗಾವಣೆಯನ್ನೇ ನಿಲ್ಲಿಸಿತ್ತು. 2018ರಲ್ಲಿ ಮತ್ತೆ ತೆರೆದಾಗ 1,429 ಜನ ಅರ್ಜಿ ಹಾಕಿದರು, ಕರೆದದ್ದು 13 ಜನರನ್ನು. ಹಾರ್ವರ್ಡ್ 2008ರಲ್ಲಿ ಜಾಗವಿಲ್ಲ ಎಂದು ಎರಡು ವರ್ಷ ಮುಚ್ಚಿತ್ತು. ಅಲ್ಲಿಗೆ ಅರ್ಜಿ ಹಾಕಲು ಒಂದು ಕಾಲೇಜಿನಲ್ಲಿ ಪೂರ್ತಿ ಒಂದು ವರ್ಷ ಓದಿರಬೇಕು, ಎರಡು ವರ್ಷ ಮೀರಿರಬಾರದು. ಹೊರದೇಶದಿಂದ ಹೀಗೆ ನಡುವೆ ಬರುವವರಿಗೆ ಧನಸಹಾಯ ಕೊಡುವ ವಿಶ್ವವಿದ್ಯಾಲಯಗಳು ಬೆರಳೆಣಿಕೆ. ಆದ್ದರಿಂದ ಹಳೇಬೀಡಿನ ಮನೆಯಿಂದ ನೋಡಿದರೆ ಇದು ದಾರಿಯಲ್ಲ. ಆದರೂ ಆ ಅರ್ಜಿಯಿಂದ ಕಲಿಯುವುದು ಒಂದಿದೆ. ಅಲ್ಲಿ ಕೇಳುವುದು ಮುಖ್ಯವಾಗಿ ಕಾಲೇಜಿನ ಅಂಕಪಟ್ಟಿ, ಪಾಠ ಮಾಡಿದ ಅಧ್ಯಾಪಕರ ಪತ್ರ, ಯಾಕೆ ಬರುತ್ತೀಯಾ ಎಂಬ ಪ್ರಬಂಧ. ಹೆಚ್ಚಿನವರು ಪ್ರಬಂಧದಲ್ಲಿ ಈಗಿನ ಕಾಲೇಜನ್ನು ಬೈಯುತ್ತಾರೆ: ಲೈಬ್ರರಿ ಇಲ್ಲ, ಮೇಷ್ಟ್ರು ಸರಿ ಇಲ್ಲ. ಅರ್ಜಿ ಓದುವವರಿಗೆ ಬೇಕಾದ್ದು ಆ ಲೈಬ್ರರಿ ಇಲ್ಲದ ಕಡೆ ನೀನೇನು ಮಾಡಿದೆ ಎಂಬುದು. ಬಂದ ಜಾಗವನ್ನು ಬೈಯುವುದೂ ಬೇಡ, ಮುಚ್ಚಿಡುವುದೂ ಬೇಡ. ಬೇಲೂರಿನ ದೇವಾಲಯಕ್ಕೆ ಕೆತ್ತಲು ಬಂದ ದಾಸೋಜ ತನ್ನ ಹೆಸರಿನ ಜೊತೆ ತಾನು ಬಳ್ಳಿಗಾವೆಯವನು ಎಂದೂ ಕಲ್ಲಿನಲ್ಲಿ ಕೊರೆದಿದ್ದಾನೆ. ಹೊಯ್ಸಳರ ರಾಜಕಾರ್ಯಕ್ಕೆ ಸೇರಿಕೊಂಡೆನೆಂದು ಕಸುಬು ಕಲಿತ ಊರನ್ನು ಮುಚ್ಚಿಡಲಿಲ್ಲ. ಗೇಟ್ ಮುಗಿಸಿ ಸಂದರ್ಶನಕ್ಕೆ ಹೋಗುವ ನಮ್ಮ ಮಕ್ಕಳು ಕಾಲೇಜಿನ ಹೆಸರು ಹೇಳುವಾಗ ದನಿ ತಗ್ಗಿಸುವುದನ್ನು ನೋಡಿದ್ದೇನೆ. ತಗ್ಗಿಸಬೇಕಿಲ್ಲ.

ಕೊನೆಗೆ ಫೋನಿನವರ ವಿಷಯ. ಜನವರಿ ಹೊತ್ತಿಗೆ ಕರೆಗಳು ಶುರುವಾಗುತ್ತವೆ. "ಡೈರೆಕ್ಟ್ ಸೆಕೆಂಡ್ ಇಯರ್ ಮಾಡಿಸ್ತೀವಿ, ಒಳಗೆ ನಮ್ಮವರಿದ್ದಾರೆ, ಅಡ್ವಾನ್ಸ್ ಹಾಕಿ." ಅವರಿಗೆ ಕೇಳಬೇಕಾದ್ದು ಮೂರೇ ಮಾತು. ಸೀಟು ಖಾಲಿ ಇದೆ ಎಂದು ಕಾಲೇಜು ತನ್ನ ಲೆಟರ್‌ಹೆಡ್‌ನಲ್ಲಿ ಕೊಡುತ್ತದೆಯೇ? ವಿಶ್ವವಿದ್ಯಾಲಯದ ಅನುಮೋದನೆ ಪತ್ರ ಯಾರ ಹೆಸರಿಗೆ, ಯಾವಾಗ ಬರುತ್ತದೆ? ದುಡ್ಡು ಕಾಲೇಜಿನ ಖಾತೆಗೋ ನಿಮ್ಮ ಖಾತೆಗೋ? ಎರಡನೇ ಪ್ರಶ್ನೆಗೇ ಸಾಮಾನ್ಯವಾಗಿ ಫೋನ್ ಕಟ್ಟಾಗುತ್ತದೆ. ಕಟ್ಟಾಗದಿದ್ದರೂ, ಬಿಟ್ಟು ಬರುವ ಕಾಲೇಜಿನಿಂದ ಟಿಸಿ ತೆಗೆಸುವ ಕೆಲಸವನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಳ್ಳಿ. ಮೂಲ ದಾಖಲೆಗಳನ್ನು ಕಾಲೇಜುಗಳು ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ 2018ರಲ್ಲೇ ಹೇಳಿದೆ, ಕೇಳಿದರೆ ಕೊಡಲೇಬೇಕು. ಆದರೆ ಒಮ್ಮೆ ಟಿಸಿ ಕೈಗೆ ಬಂದ ಮೇಲೆ ಹಳೆಯ ಕಾಲೇಜಿನ ಹಾಜರಿ ಪುಸ್ತಕದಲ್ಲಿ ಮಗುವಿನ ಹೆಸರು ಇರುವುದಿಲ್ಲ.